ಪಿಸ್ತೂಲಿನ ಪೆಟ್ಟಿಗೆ ಕೊಳ್ಳುವ ಮೊದಲು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಗ್ರೀನ್ ಕಾರ್ಡ್ ಬಂತು, ಟೆಕ್ಸಸ್‌ನಲ್ಲಿ ಸ್ವಂತ ಮನೆಯಾಯಿತು, ಈಗ ಪಿಸ್ತೂಲನ್ನೂ ಕೊಂಡಿದ್ದೀಯ. ನಮ್ಮವರ ಮನೆಯಲ್ಲಿ ಬಂಗಾರ ಇರುತ್ತದೆಂದು ಕಳ್ಳರಿಗೂ ಗೊತ್ತು, ಗಂಡ ಊರೂರು ಸುತ್ತುವ ಕೆಲಸದಲ್ಲಿದ್ದಾನೆ, ನಿನ್ನ ಭಯ ನನಗೆ ಅರ್ಥವಾಗುತ್ತದೆ. ಕೊಳ್ಳದಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ನೀನು ಕೇಳಿದ್ದು ಅದನ್ನಲ್ಲ, ಇಡುವ ಪೆಟ್ಟಿಗೆ ಯಾವುದು ಅಂತ. ನಿನ್ನಂತೆ ಇಲ್ಲಿ ಸಂಸಾರ ಹೂಡಿದ ಉಳಿದವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಅಂಗಡಿಯವರು ಎಷ್ಟು ಸೆಕೆಂಡಿಗೆ ಬಾಗಿಲು ತೆರೆಯುತ್ತದೆ ಎಂದು ಹೊಗಳುತ್ತಾರೆ. ನೀನು ಕೇಳಬೇಕಾದ್ದು ಯಾರಿಗೆ ತೆರೆಯುವುದಿಲ್ಲ ಎಂದು. ಕಳ್ಳ ಬಂದರೂ ಬಂದ, ಬರದಿದ್ದರೂ ಇಲ್ಲ. ಐದು ವರ್ಷದ ಮಗಳು ದಿನವೂ ಮನೆಯಲ್ಲಿರುತ್ತಾಳೆ. ಕನ್ನಡ ಕೂಟದವರು ಊಟಕ್ಕೆ ಬಂದಾಗ ಎಲ್ಲರ ಕೋಟು, ಬ್ಯಾಗುಗಳು ಬಂದು ಬೀಳುವುದು ನಿನ್ನ ಬೆಡ್‌ರೂಮಿನ ಮಂಚದ ಮೇಲೆ. ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾ ನುಗ್ಗುವುದೂ ಅದೇ ಕೋಣೆಗೆ.

'ನನ್ನ ಮಗಳಿಗೆ ಅದು ಎಲ್ಲಿದೆ ಅಂತಲೇ ಗೊತ್ತಿಲ್ಲ ದೊಡ್ಡಮ್ಮ' ಅಂದೆ. ಅಲಬಾಮದ ಹಳ್ಳಿಗಾಡಿನಲ್ಲಿ ಬಂದೂಕಿರುವ ಮನೆಗಳ ತಂದೆತಾಯಿಯರನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಜಾಗ ಗೊತ್ತಿಲ್ಲ ಎಂದ ಹೆತ್ತವರಲ್ಲಿ ಶೇ. 39ರಷ್ಟು ಜನರ ಮಾತನ್ನು ಮಕ್ಕಳೇ ಸುಳ್ಳು ಮಾಡಿದರು. ಮುಟ್ಟಿಯೇ ಇಲ್ಲ ಎಂದವರಲ್ಲಿ ಶೇ. 22ರಷ್ಟು ಜನರ ಮಕ್ಕಳು ಮುಟ್ಟಿದ್ದೇವೆ ಎಂದರು. ಬಟ್ಟೆ ಬೀರುವಿನ ಮೇಲಿನ ಅರೆ, ಸೀರೆಗಳ ಅಡಿ, ಇವು ಯಾವುವೂ ಬೀಗವಲ್ಲ.

ಇನ್ನು ಬೀಗದ ವಿಚಾರ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಪೆಟ್ಟಿಗೆ ಇದ್ದೂ ಮಕ್ಕಳು ಸತ್ತಿದ್ದಾರೆ. 2010ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಮೂರು ವರ್ಷದ ಮಗ ಗುಂಡೇಟಿಗೆ ಬಲಿಯಾದ. ಪಿಸ್ತೂಲಿಗೆಂದು ಇಲಾಖೆಯೇ ಪೆಟ್ಟಿಗೆ ಕೊಟ್ಟಿತ್ತು. ಅದರ ಬೆನ್ನು ಹತ್ತಿದ ಬೀಗತಜ್ಞ ಮಾರ್ಕ್ ವೆಬರ್ ಟೋಬಿಯಾಸ್, ಪೇಟೆಯಲ್ಲಿ ಸಿಗುವ ಅಗ್ಗದ ಪೆಟ್ಟಿಗೆಗಳನ್ನು ಪುಟ್ಟ ಮಗು ಕೂಡ ಹೇಗೆ ತೆರೆಯಬಲ್ಲದು ಎಂದು 2012ರಲ್ಲಿ ಎಲ್ಲರೆದುರು ತೋರಿಸಿದರು. ಅಗ್ಗದ ಎಲೆಕ್ಟ್ರಾನಿಕ್ ಬೀಗಗಳಲ್ಲಿ ಬಾಗಿಲನ್ನು ತಡೆದಿರುವುದು ಸ್ಪ್ರಿಂಗ್ ಒತ್ತಿ ಹಿಡಿದ ಸಣ್ಣದೊಂದು ಪಿನ್ನು. ಪೆಟ್ಟಿಗೆಯನ್ನು ಕೆಲವೇ ಇಂಚು ಎತ್ತಿ ಕುಕ್ಕಿದರೆ ಪಿನ್ನು ಒಂದು ಕ್ಷಣ ಹಾರುತ್ತದೆ, ಆ ಕ್ಷಣದಲ್ಲಿ ಹಿಡಿ ತಿರುಗಿಸಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆ ತಂದ ದಿನ, ಖಾಲಿ ಇರುವಾಗಲೇ, ನೀನೇ ಎತ್ತಿ ಕುಕ್ಕು. ಮೇಲೆ ಕೆಳಗೆ ಗುದ್ದು, ಅಲುಗಾಡಿಸು. ತೆರೆದರೆ ಅದೇ ದಿನ ವಾಪಸ್ ಕೊಡು.

ಬೆರಳಚ್ಚಿನದು ನಿನಗೆ ಇಷ್ಟವಾಗಿದೆ ಅಂದೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. 2023ರ ಅಕ್ಟೋಬರ್‌ನಲ್ಲಿ ಒಂದೇ ಕಂಪನಿಯ ಸುಮಾರು 61,000 ಬೆರಳಚ್ಚಿನ ಪೆಟ್ಟಿಗೆಗಳನ್ನು ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಮೂಲಕ ಹಿಂದಕ್ಕೆ ಕರೆಸಿಕೊಂಡರು. ಯಾರ್ಯಾರದೋ ಬೆರಳಿಗೆ ಬಾಗಿಲು ತೆರೆಯುತ್ತಿತ್ತು. ಹನ್ನೆರಡು ವರ್ಷದ ಹುಡುಗನೊಬ್ಬನ ಸಾವಿನ ಮೊಕದ್ದಮೆ ಆಗ ಕೋರ್ಟಿನಲ್ಲಿತ್ತು. ಇಂಥ ಕೆಲವು ಪೆಟ್ಟಿಗೆಗಳು ನಿನ್ನ ಬೆರಳನ್ನು ನೋಂದಾಯಿಸುವವರೆಗೆ ಯಾರ ಬೆರಳಿಗಾದರೂ ತೆರೆಯುತ್ತವೆ. ನೋಂದಣಿ ಅರ್ಧಕ್ಕೆ ನಿಂತಿದ್ದರೂ, ನಿನ್ನ ಬೆರಳಿಗೆ ತೆರೆಯಿತಲ್ಲ ಎಂದು ನೀನು ನಿಶ್ಚಿಂತಳಾಗುತ್ತೀಯ. ಬೆರಳಚ್ಚಿನದೇ ಬೇಕೆಂದರೆ ಗಂಡನ ಬೆರಳು, ಮಗಳ ಬೆರಳು, ನಿನ್ನವೇ ಉಳಿದ ಬೆರಳುಗಳು, ಎಲ್ಲವನ್ನೂ ಇಟ್ಟು ನೋಡು. ಹಿಟ್ಟು ಮೆತ್ತಿದ, ಬೆವೆತ ಕೈಯಲ್ಲಿ ನಿನಗೇ ತೆರೆಯದೆಯೂ ಹೋಗಬಹುದು.

ನಾನು ಆರಿಸುವುದಾದರೆ ಬ್ಯಾಟರಿಯ ಗೊಡವೆಯಿಲ್ಲದ, ಐದು ಗುಂಡಿಗಳ ಯಾಂತ್ರಿಕ ಬೀಗ. ಕತ್ತಲಲ್ಲಿ ಬೆರಳೇ ದಾರಿ ಕಂಡುಕೊಳ್ಳುತ್ತದೆ. ಕೊರತೆ ಅದಕ್ಕೂ ಇದೆ. ಒಟ್ಟು ಜೋಡಣೆಗಳು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಹಟ ಹಿಡಿದ ಹದಿನಾಲ್ಕರ ಹುಡುಗ ಒಂದು ಮಧ್ಯಾಹ್ನ ಕೂತು ಒಂದೊಂದೇ ಒತ್ತಬಲ್ಲ. ಕಾರ್ಖಾನೆಯಿಂದ ಬಂದ ಕೋಡನ್ನು ಮೊದಲ ದಿನವೇ ಬದಲಿಸು. ತಗಡು ದಪ್ಪವಿರಲಿ. ಗೇಜ್ ಸಂಖ್ಯೆ ಇಳಿದಷ್ಟೂ ದಪ್ಪ ಹೆಚ್ಚು: 16 ಗೇಜ್ ಅಂದರೆ ಒಂದೂವರೆ ಮಿಲಿಮೀಟರ್, 10 ಗೇಜ್ ಅಂದರೆ ಹತ್ತಿರಹತ್ತಿರ ಮೂರೂವರೆ. ತೆಳುವಾದದ್ದು ಸ್ಕ್ರೂಡ್ರೈವರಿಗೇ ಬಾಯಿ ಬಿಡುತ್ತದೆ. ನೆಲಕ್ಕೋ ಗೋಡೆಯೊಳಗಿನ ಮರದ ಕಂಬಕ್ಕೋ ಬೋಲ್ಟ್ ಹಾಕಿಸು, ಇಲ್ಲದಿದ್ದರೆ ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ಟೆಕ್ಸಸ್‌ನಲ್ಲಿ ಗನ್ ಸೇಫ್‌ಗೆ ಮಾರಾಟ ತೆರಿಗೆಯೂ ಇಲ್ಲ, ಆ ದುಡ್ಡನ್ನು ದಪ್ಪ ಉಕ್ಕಿಗೆ ಹಾಕು.

ಎಲೆಕ್ಟ್ರಾನಿಕ್ ಬೀಗಕ್ಕೆ ಜೊತೆಗೊಂದು ಕೀಲಿಕೈ ಕೊಡುತ್ತಾರೆ. ನಮ್ಮ ಮನೆಗಳಲ್ಲಿ ಕೀಲಿಕೈಗಳೆಲ್ಲ ಹೋಗಿ ಸೇರುವುದು ದೇವರ ಮನೆಯ ಡಬ್ಬಿಗೆ, ಅದು ಮನೆಮಂದಿಗೆಲ್ಲ ಗೊತ್ತು, ಈ ಕೀಲಿಕೈಯನ್ನು ಅಲ್ಲಿಡಬೇಡ. ಹಾಗೆಯೇ ಒಡವೆ, ಪಾಸ್‌ಪೋರ್ಟ್‌ಗಳನ್ನು ಪಿಸ್ತೂಲಿನ ಜೊತೆ ಇಡಬೇಡ. ಹಬ್ಬ ಬಂತೆಂದರೆ ಬಳೆಗಾಗಿ ಅದನ್ನು ತೆರೆಯುತ್ತೀಯ, ಆರು ತಿಂಗಳಿಗೆ ಬಂದ ನಿನ್ನ ಅಮ್ಮನಿಗೂ ಕೋಡ್ ಹೇಳಿಕೊಡುತ್ತೀಯ. ಆ ಪೆಟ್ಟಿಗೆಯಲ್ಲಿ ಬೇರೇನೂ ಇರಕೂಡದು, ಕೋಡ್ ನಿನ್ನನ್ನೂ ನಿನ್ನ ಗಂಡನನ್ನೂ ದಾಟಕೂಡದು. ಟೆಕ್ಸಸ್ ಕಾನೂನಿನಲ್ಲಿ, ಅಜಾಗರೂಕತೆಯಿಂದ ಇಟ್ಟ ಗುಂಡು ತುಂಬಿದ ಬಂದೂಕು 17 ತುಂಬದವರ ಕೈಗೆ ಸಿಕ್ಕರೆ ಅದೇ ಅಪರಾಧ.

ಇನ್ನೊಂದು ವಿಷಯ ಹೇಳಲು ಸಂಕಟವಾಗುತ್ತದೆ, ಆದರೂ ಹೇಳುತ್ತೇನೆ. ಈ ದೇಶದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಕೋಡ್ ಗೊತ್ತಿರುವವರನ್ನು ಪೆಟ್ಟಿಗೆ ತಡೆಯುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಕೆಲಸ ಹೋಗಿ ಮನಸ್ಸು ಕುಸಿದರೆ, ಬಾಣಂತನದ ನಂತರ ಯಾವುದೂ ಬೇಡವೆನಿಸಿದರೆ, ಮಗಳು ದೊಡ್ಡವಳಾಗಿ ಮಂಕಾದರೆ, ಪಿಸ್ತೂಲು ಮನೆಯಲ್ಲೇ ಇರಕೂಡದು. ಅದನ್ನು ಕೆಲಕಾಲ ಇಟ್ಟುಕೊಳ್ಳುವ ಗನ್ ಅಂಗಡಿಗಳೂ ಶೂಟಿಂಗ್ ರೇಂಜುಗಳೂ ಇವೆ, ಹತ್ತಿರದ್ದು ಯಾವುದೆಂದು ಈಗಲೇ ವಿಚಾರಿಸಿಡು. 988ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಎನ್ನದೆ ಮಾತಾಡುವವರಿದ್ದಾರೆ. ಈ ದೊಡ್ಡಮ್ಮನಿಗೂ ಯಾವ ಹೊತ್ತಿನಲ್ಲಾದರೂ ಮಾಡು.

ಮಗಳನ್ನು ಇನ್ನೊಬ್ಬರ ಮನೆಗೆ ಆಡಲು ಕಳಿಸುವಾಗ ಕಡಲೆಕಾಯಿ ಅಲರ್ಜಿಯ ವಿಷಯ ಹೇಳುತ್ತೀಯಲ್ಲ, ಅದರ ಜೊತೆಗೇ ನಿಮ್ಮಲ್ಲಿ ಗನ್ ಇದೆಯಾ, ಬೀಗದಲ್ಲಿದೆಯಾ ಎಂದೂ ಕೇಳು. ನಿನ್ನನ್ನು ಯಾರಾದರೂ ಹಾಗೆ ಕೇಳಿದರೆ ಮುಖ ಸಣ್ಣ ಮಾಡಿಕೊಳ್ಳಬೇಡ, ಒಳಗೆ ಕರೆದು ಪೆಟ್ಟಿಗೆ ತೋರಿಸು.

ಇಂತಿ,
ನಿನ್ನ ದೊಡ್ಡಮ್ಮ