ಲಡಾಯಿಗೆ ಹೋದ ತಾತನ ಹೆಸರು



ನಮ್ಮ ಕುಣಿಗಲ್ಲಿನ ಕುದುರೆ ಫಾರಂ ಎಲ್ಲರಿಗೂ ಗೊತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿ ಸೈನ್ಯಕ್ಕೆಂದು ಕುದುರೆಗಳನ್ನು ಸಾಕುತ್ತಿದ್ದರು. ಆದರೆ ನಮ್ಮ ಮೈಸೂರು ಸೀಮೆಯ ಕುದುರೆ ಸವಾರರು ಒಂದನೇ ಮಹಾಯುದ್ಧಕ್ಕೂ (1914-1918) ಹೋಗಿದ್ದರೆಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು. ಅವರ ಕುದುರೆ ಪಡೆಯ ಹೆಸರು ಮೈಸೂರು ಲ್ಯಾನ್ಸರ್ಸ್. ಲ್ಯಾನ್ಸ್ ಎಂದರೆ ಭರ್ಜಿ. 1914ರಲ್ಲಿ ಈ ಪಡೆ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಯನ್ನು ಕಾಯುವುದು ಅದರ ಕೆಲಸವಾಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದಲ್ಲಿ ದೊಡ್ಡ ಕಾಳಗವಾಯಿತು. ಈಗ ಅದು ಇಸ್ರೇಲ್ ದೇಶದಲ್ಲಿದೆ, ಆಗ ತುರ್ಕರ ಕೈಯಲ್ಲಿತ್ತು. ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿ, ಮೆಷಿನ್ ಗನ್ ಇದ್ದವು. ನಮ್ಮವರ ಕೈಯಲ್ಲಿ ಇದ್ದದ್ದು ಭರ್ಜಿ, ಕತ್ತಿ. ಆದರೂ ಮೈಸೂರಿನವರು ಬೆಟ್ಟ ಹತ್ತಿ ಫಿರಂಗಿ ಹಿಡಿದರು. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು. ಒಂದೇ ದಿನದಲ್ಲಿ ಊರು ಗೆದ್ದರು. ಸವಾರರೂ ಸತ್ತರು, ಕುದುರೆಗಳೂ ಸತ್ತವು.

ಇವರ ನೆನಪಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯಲ್ಲಿ ಮೂರು ಸೈನಿಕರ ಪ್ರತಿಮೆಗಳಿವೆ. ಅವು ಮೈಸೂರು, ಜೋಧಪುರ, ಹೈದರಾಬಾದಿನ ಸವಾರರದು. 2018ರಲ್ಲಿ ಆ ಜಾಗಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ಇನ್ನೂ ಹಿಂದಿನ ಕಾಲದಲ್ಲಿ ಕಾಳಗದಲ್ಲಿ ಮಡಿದವರಿಗೆ ವೀರಗಲ್ಲು ನೆಡುತ್ತಿದ್ದರು. ಅದರಲ್ಲಿ ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಇರುತ್ತದೆ.

ನಮ್ಮ ಮನೆಯಲ್ಲಿ ಕಲ್ಲೂ ಇಲ್ಲ, ಪಟವೂ ಇಲ್ಲ. ನಮ್ಮ ತಾತನ ತಾತ ಈ ಪಡೆಯಲ್ಲಿ ಹೋದವರು ತಿರುಗಿ ಬರಲಿಲ್ಲವಂತೆ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರಿಗೂ ಒಂದು ಎಲೆ ಹಾಕುತ್ತೇವೆ. ಎಲ್ಲರ ಹೆಸರೂ ಹೇಳುವ ಅಜ್ಜಿ, ಅವರ ಎಲೆ ಬಂದಾಗ ಮಾತ್ರ "ಲಡಾಯಿ ತಾತಂಗೆ" ಅನ್ನುತ್ತಿದ್ದರು. ಹೆಸರೇನಜ್ಜಿ ಅಂತ ಕೇಳಿದೆ. "ನಮ್ಮತ್ತೆ ಹೇಳ್ತಿರಲಿಲ್ಲ ಕಣಪ್ಪ. ಸೊಸೆಯಾದವಳು ಮಾವನ ಹೆಸರು ಹೇಳಬಾರದು ಅಂತಿತ್ತು" ಅಂದರು. ಮರ್ಯಾದೆಯಿಂದಲೇ ಹೆಸರು ಮರೆತುಹೋಗಿತ್ತು!

ಆಮೇಲೆ ಟ್ರಂಕಿನಲ್ಲಿದ್ದ ಹಳೇ ಜಮೀನು ಪತ್ರವನ್ನು ಅಪ್ಪ ತೆಗೆದರು. ಇಂಥ ಪತ್ರಗಳಲ್ಲಿ "ಇಂಥವರು ಬಿನ್ ಇಂಥವರು" ಎಂದಿರುತ್ತದೆ. ಬಿನ್ ಎಂದರೆ ಮಗ. ತಾತನ ತಂದೆಯ ಹೆಸರಿನ ಮುಂದೆ, ಬಿನ್ ಆದಮೇಲೆ, ಲಡಾಯಿ ತಾತನ ಹೆಸರಿತ್ತು. ನೋಡಿದರೆ ಅದು ನಮ್ಮ ದೊಡ್ಡ ತಾತನ ಹೆಸರೇ! "ಅದಕ್ಕೇ ನಮ್ಮತ್ತೆ ಹಿರೀಮಗನ್ನ ಯಾವಾಗ್ಲೂ ಅಪ್ಪಯ್ಯ ಅಂತಲೇ ಕರೀತಿದ್ರು" ಅಂತ ಅಜ್ಜಿ ಕಣ್ಣೊರೆಸಿಕೊಂಡರು.

ಆದ್ದರಿಂದ ನೀವೂ ಹೀಗೆ ಮಾಡಿ:
1. ಮನೆಯ ಹಿರಿಯರ ಹೆಸರುಗಳನ್ನು ಕೇಳಿ ನೋಟ್ ಪುಸ್ತಕದಲ್ಲಿ ಬರೆಯಿರಿ.
2. ಹಳೇ ಪತ್ರಗಳಲ್ಲಿ ಬಿನ್ ಎಂಬ ಪದ ಹುಡುಕಿ.
3. ಊರಲ್ಲಿ ವೀರಗಲ್ಲಿದ್ದರೆ ಅದರ ಮೇಲೆ ಬಟ್ಟೆ ಒಗೆಯಬೇಡಿ.

ದೊಡ್ಡವರ ಹೆಸರು ಹೇಳಬಾರದು ಅನ್ನುತ್ತಾರೆ. ಆದರೆ ಸತ್ತವರ ಹೆಸರನ್ನು ಯಾರೂ ಹೇಳದಿದ್ದರೆ ಅವರು ಇದ್ದರೆಂಬುದೇ ಮರೆತುಹೋಗುತ್ತದೆ.

– 7ನೇ ತರಗತಿ ವಿದ್ಯಾರ್ಥಿ