ಫ್ಲೈವೀಲ್ ಕರೆಂಟ್ ಹುಟ್ಟಿಸುತ್ತದೆಯೇ?

ಹೋದ ಬೇಸಿಗೆಯಲ್ಲಿ ನನ್ನ ಭಾಮೈದ ಎರಡು ಹಸು ಮಾರಲು ಹೊರಟಿದ್ದ. ಯಾರೋ ಬಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದ್ದರಂತೆ. ಒಂದು ಎಚ್‌ಪಿ ಮೋಟಾರಿಗೆ ಭಾರದ ಕಬ್ಬಿಣದ ಗಾಲಿ ಜೋಡಿಸಿದರೆ ಆಚೆ ಕಡೆ ಐದು ಎಚ್‌ಪಿ ಪಂಪು ಓಡುವಷ್ಟು ಕರೆಂಟ್ ಬರುತ್ತದೆ, ತ್ರೀಫೇಸ್‌ಗೆ ರಾತ್ರಿಯೆಲ್ಲ ಕಾಯುವುದು ಬೇಡ ಅಂತ. ಐದು ಸಾವಿರ ಮುಂಗಡವನ್ನೂ ಕೊಟ್ಟುಬಿಟ್ಟಿದ್ದ. "ಭಾವ, ನಿಮ್ಮ ಎಂಜಿನ್‌ಗೂ ಗಾಲಿ ಇದೆಯಲ್ಲ, ಅದು ಸುಳ್ಳಾ?" ಅಂತ ನನ್ನನ್ನೇ ಕೇಳಿದ.

ಗಾಲಿ ಸುಳ್ಳಲ್ಲ. ನನ್ನ ಹಳೇ ಐದು ಎಚ್‌ಪಿ ಆಯಿಲ್ ಎಂಜಿನ್‌ಗೆ ಎರಡು ಕಡೆಯೂ ಗಾಲಿ. ಎಂಜಿನ್ ಗಾಳಿ ಎಳೆದುಕೊಳ್ಳುತ್ತದೆ, ಅದುಮುತ್ತದೆ, ಡೀಸೆಲ್ ಉರಿಸುತ್ತದೆ, ಹೊಗೆ ಉಗುಳುತ್ತದೆ. ಈ ನಾಲ್ಕರಲ್ಲಿ ಶಕ್ತಿ ಕೊಡುವುದು ಉರಿಯುವ ಒಂದೇ ಹೊಡೆತ. ಮಿಕ್ಕ ಮೂರನ್ನು ದಾಟಿಸುವುದು ಗಾಲಿಯಲ್ಲಿ ಕೂತಿರುವ ಓಟ. ಹ್ಯಾಂಡಲ್ ಹೊಡೆಯುವಾಗ ಮೊದಲು ಲಿವರ್ ಎತ್ತಿ ಗಾಲಿ ಬಿಗಿಯಾಗಿ ತಿರುಗಿಸಿ, ಆಮೇಲೆ ಲಿವರ್ ಬಿಡುತ್ತೇವಲ್ಲ, ಅದೂ ಇದಕ್ಕೇ. ನಮ್ಮ ರಟ್ಟೆಯ ಶಕ್ತಿಯನ್ನು ಗಾಲಿ ಒಂದು ಗಳಿಗೆ ಹಿಡಿದಿಟ್ಟು ಒಟ್ಟಿಗೆ ಕೊಡುತ್ತದೆ.

ಎಷ್ಟು ಹೊತ್ತು ಹಿಡಿದಿಡುತ್ತದೆ? ಅವನ ಎದುರಿಗೇ ಪಂಪು ಪೂರಾ ನೀರು ಎತ್ತುತ್ತಿದ್ದಾಗ ಡೀಸೆಲ್ ಬಂದ್ ಮಾಡಿದೆ. ಐದು ಎಣಿಸುವುದರೊಳಗೆ ತೊಟ್ಟಿಗೆ ನೀರು ನಿಂತಿತು. ನಮ್ಮ ಪರಿಚಯದ ಮೇಷ್ಟ್ರು ಲೆಕ್ಕ ಹಾಕಿಕೊಟ್ಟರು: ಎರಡೂ ಗಾಲಿ ಸೇರಿ 120 ಕಿಲೋ, ಅಡ್ಡಳತೆ ಎರಡು ಅಡಿ, ನಿಮಿಷಕ್ಕೆ 650 ಸುತ್ತು. ಅದರಲ್ಲಿರುವುದು ಸುಮಾರು ಐದು ವಾಟ್ ಅವರ್, ಒಂದು ಯೂನಿಟ್ಟಿನ ಇನ್ನೂರರಲ್ಲಿ ಒಂದು ಪಾಲು. ನಾನು ಏಳನೇ ಕ್ಲಾಸಿಗೇ ಬಿಟ್ಟವನು, ಸೂತ್ರ ಬರದು. ಒಂದು ಮಾತು ಮಾತ್ರ ನೆನಪಿಟ್ಟುಕೊಂಡೆ. ಗಾಲಿಯ ತೂಕ ಎರಡರಷ್ಟಾದರೆ ಶಕ್ತಿ ಎರಡರಷ್ಟು, ವೇಗ ಎರಡರಷ್ಟಾದರೆ ನಾಲ್ಕರಷ್ಟು.

ಹಾಗಂತ ಬೀಡು ಕಬ್ಬಿಣವನ್ನು ಇಷ್ಟಬಂದಷ್ಟು ಜೋರಾಗಿ ತಿರುಗಿಸಿದರೆ ಸಿಡಿದು ಜನ ಸಾಯುತ್ತಾರೆ. ಸ್ವಿಟ್ಜರ್ಲೆಂಡಿನ ಇವರ್ಡಾನ್‌ನಲ್ಲಿ 1953ರಿಂದ 1960ರವರೆಗೆ ಗಾಲಿಯ ಶಕ್ತಿಯಿಂದಲೇ ಬಸ್ಸು ಓಡಿತು. ಒಂದೂವರೆ ಟನ್ನಿನ ಉಕ್ಕಿನ ಗಾಲಿ, ನಿಮಿಷಕ್ಕೆ 3,000 ಸುತ್ತು. ಆದರೂ ಐದಾರು ಕಿಲೋಮೀಟರಿಗೆ ಒಂದು ಸಲ ಸ್ಟಾಪಿನಲ್ಲಿ ನಿಂತು ಕರೆಂಟ್ ಕುಡಿಯಬೇಕಿತ್ತು. ಈಚಿನವು ಕಾರ್ಬನ್ ನಾರಿನ ಗಾಲಿಗಳು. ಗಾಳಿ ತೆಗೆದ ಡಬ್ಬಿಯೊಳಗೆ, ಅಯಸ್ಕಾಂತದ ಮೇಲೆ ತೇಲುತ್ತಾ ತಿರುಗುತ್ತವೆ. ಅಮೆರಿಕದ ಸ್ಟೀಫನ್‌ಟೌನ್‌ನಲ್ಲಿ 2011ರಲ್ಲಿ ಅಂಥ 200 ಗಾಲಿ ಕೂರಿಸಿದರು. ಎಲ್ಲವೂ ಸೇರಿ 20 ಮೆಗಾವಾಟ್ ಕೊಡುವುದು ಕಾಲು ಗಂಟೆ. ಲೈನಿನ ಏರಿಳಿತ ಸರಿಮಾಡುವುದೇ ಅವುಗಳ ಕೆಲಸ. ನಮ್ಮ ಎಂಜಿನ್ ಗಾಲಿ ಮಾಡುವುದೂ ಇದನ್ನೇ.

ಭಾಮೈದ ಆದರೂ ಬಿಡಲಿಲ್ಲ. "ಚಿಕ್ಕ ಪುಲ್ಲಿ ಅಷ್ಟು ಜೋರಾಗಿ ತಿರುಗ್ತಿತ್ತಲ್ಲ ಭಾವ?" ಅಂದ. ಗಾಂಧೀಜಿ ಬಂದು ಹೋದ ಖಾದಿ ಕೇಂದ್ರದ ಊರು ನಮ್ಮ ಬದನವಾಳು. ಇಲ್ಲಿ ರಾಟೆ ನೋಡದವರು ಯಾರು? ದೊಡ್ಡ ಚಕ್ರ ಒಂದು ಸುತ್ತು ಬಂದರೆ ಕದಿರು ಹತ್ತಾರು ಸುತ್ತು ಬರುತ್ತದೆ. ವೇಗ ಹೆಚ್ಚಿತು ನಿಜ. ಆದರೆ ಅಷ್ಟೇ ಬಲ ಕಡಿಮೆಯಾಯಿತು, ತಿರುಗುವ ಕದಿರನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಬಹುದು. ವೇಗ ಕಂಡು ಶಕ್ತಿ ಹೆಚ್ಚಿತು ಅಂದುಕೊಳ್ಳುವಲ್ಲೇ ನಾವು ಮೋಸ ಹೋಗುವುದು. ಒಂದು ಎಚ್‌ಪಿ ಹಾಕಿದರೆ ಬೆಲ್ಟು, ಬೇರಿಂಗು ತಿಂದು ಮಿಕ್ಕಿದ್ದು ಬರುತ್ತದೆ, ಒಂದಕ್ಕಿಂತ ಕಡಿಮೆಯೇ.

ಕೊನೆಗೆ ಅವನ ಕೈಲೇ ಫೋನ್ ಮಾಡಿಸಿದೆ. "ಗಾಲಿ ಪೂರಾ ವೇಗಕ್ಕೆ ಬಂದಮೇಲೆ ಮೇನ್ ಸ್ವಿಚ್ ತೆಗೀರಿ, ವೈರ್ ಬಿಚ್ಚಿ ನೆಲದ ಮೇಲೆ ಇಡಿ. ನನ್ನ ಪಂಪು ಹತ್ತು ನಿಮಿಷ ನೀರೆತ್ತಿದರೆ ಬಾಕಿ ದುಡ್ಡು ಅಲ್ಲೇ ಕೊಡ್ತೀನಿ" ಅನ್ನಿಸಿದೆ. ಅದಕ್ಕೆ ಬೇರೆ ಬ್ಯಾಟರಿ ಬೇಕಾಗುತ್ತದೆ ಅಂದರಂತೆ. ಆಮೇಲೆ ಫೋನ್ ಎತ್ತಲಿಲ್ಲ. ಐದು ಸಾವಿರ ಹೋಯಿತು, ಹಸುಗಳು ಕೊಟ್ಟಿಗೆಯಲ್ಲಿವೆ.