ಬಣ್ಣದ ಚಕ್ರ

ಕಸೂತಿ ಹಾಕಲು ದಾರ ಬೇಕು. ಅಂಗಡಿಗೆ ಹೋಗುತ್ತೇವೆ. ಅಲ್ಲಿ ಹತ್ತಾರು ಬಣ್ಣ. ಎಲ್ಲವೂ ಚೆಂದ. ಆದರೆ ನಮ್ಮ ಬಟ್ಟೆಗೆ ಯಾವುದು ಒಪ್ಪುತ್ತದೆ? ಬಣ್ಣ ಹೊಂದದಿದ್ದರೆ ದಾರದ ದುಡ್ಡೂ ಹೋಯಿತು, ನಾಲ್ಕು ದಿನ ಕಣ್ಣಿಟ್ಟು ಹಾಕಿದ ಹೊಲಿಗೆಯೂ ಹೋಯಿತು. ಕೊಳ್ಳುವವರು ಮೊದಲು ನೋಡುವುದು ಬಣ್ಣ. ಹೊಲಿಗೆ ಆಮೇಲೆ.

ಇದಕ್ಕೂ ಒಂದು ಲೆಕ್ಕ ಇದೆ. ಅದೇ ಬಣ್ಣದ ಚಕ್ರ.

ಹಾಳೆಯ ಮೇಲೆ ತಾಟು ಬೋರಲು ಹಾಕೋಣ. ಸುತ್ತ ಗೆರೆ ಎಳೆಯೋಣ. ರೊಟ್ಟಿ ಮುರಿದಂತೆ ಆರು ಪಾಲು ಮಾಡೋಣ. ಒಂದು ಪಾಲು ಬಿಟ್ಟು ಒಂದು ಪಾಲಿಗೆ ಕೆಂಪು, ಹಳದಿ, ನೀಲಿ ಹಚ್ಚೋಣ. ಶಾಲೆಯಲ್ಲಿ ಇವನ್ನು ಮೂಲ ಬಣ್ಣ ಎಂದು ಕಲಿಸುತ್ತೇವೆ.

ಈಗ ಖಾಲಿ ಪಾಲು ತುಂಬೋಣ. ಮಕ್ಕಳ ಬಣ್ಣದ ಡಬ್ಬಿ ಸಾಕು. ಕೆಂಪು, ಹಳದಿ ಕಲಸಿದರೆ ಕಿತ್ತಳೆ. ಹಳದಿ, ನೀಲಿ ಕಲಸಿದರೆ ಹಸಿರು. ನೀಲಿ, ಕೆಂಪು ಕಲಸಿದರೆ ನೇರಳೆ. ನಡುವಿನ ಪಾಲಿಗೆ ಇವನ್ನು ಹಚ್ಚೋಣ. (ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದಲ್ಲ, ಅದು ಬೇರೆ. ಸುಣ್ಣದಲ್ಲಿ ಕೆಂಪು ಎಲ್ಲಿದೆ? ಸುಣ್ಣ ತಾಗಿ ಅರಿಸಿನವೇ ಬದಲಾಗುತ್ತದೆ.)

ಇಂಗ್ಲೆಂಡಿನ ವಿಜ್ಞಾನಿ ನ್ಯೂಟನ್ 1704ರಲ್ಲಿ ತನ್ನ ಪುಸ್ತಕದಲ್ಲಿ ಇಂಥ ಚಕ್ರ ಬರೆದಿದ್ದ. ಅವನ ಚಕ್ರದಲ್ಲಿ ಕಾಮನಬಿಲ್ಲಿನ ಏಳು ಬಣ್ಣ ಇದ್ದವು. ನಮಗೆ ಆರು ಸಾಕು.

ಚಕ್ರದಲ್ಲಿ ಎದುರುಬದುರು ಇರುವ ಬಣ್ಣ ನೋಡ್ರಿ. ಕೆಂಪಿನ ಎದುರು ಹಸಿರು. ಹಳದಿಯ ಎದುರು ನೇರಳೆ. ನೀಲಿಯ ಎದುರು ಕಿತ್ತಳೆ. ಇವು ಒಂದರ ಪಕ್ಕ ಒಂದು ಬಂದರೆ ಎರಡೂ ಎದ್ದು ಕಾಣುತ್ತವೆ. ಇಳಕಲ್ ಸೀರೆ ನೆನಪು ಮಾಡಿಕೊಳ್ಳಿ. ಹಸಿರು ಮೈ, ಕೆಂಪು ಸೆರಗು. ದೂರದಿಂದಲೇ ಗುರುತು ಸಿಗುತ್ತದೆ. ನೇಕಾರರು ಚಕ್ರ ನೋಡಿ ನೇಯ್ದರೇನು? ಇಲ್ಲ. ಅವರ ಕಣ್ಣಿಗೇ ಅದು ಗೊತ್ತು.

ಅಕ್ಕಪಕ್ಕದ ಬಣ್ಣಗಳ ರೀತಿ ಬೇರೆ. ನೀಲಿ ಜೊತೆ ಹಸಿರು, ಹಳದಿ ಜೊತೆ ಕಿತ್ತಳೆ. ಜಗಳ ಇಲ್ಲದೆ ಕೂಡಿ ಇರುತ್ತವೆ. ನೋಡಲು ಹಿತ.

ಆದರೆ ಕಸೂತಿಗೆ ಚಕ್ರ ಒಂದೇ ಸಾಲದು. ಕಡು ಹಸಿರು ಬಟ್ಟೆಯ ಮೇಲೆ ಕಡು ಕೆಂಪು ದಾರ ಹಾಕಿದರೆ ಏನಾಗುತ್ತದೆ? ಎದುರಿನ ಬಣ್ಣವೇ ಹೌದು. ಆದರೂ ಎಳೆ ಸಣ್ಣದು. ಎರಡೂ ಕಡು. ನಾಲ್ಕು ಮಾರು ದೂರ ನಿಂತರೆ ಗೋಪುರವೂ ಕಾಣದು, ತೇರೂ ಕಾಣದು. ಕಡು ಬಟ್ಟೆಗೆ ತಿಳಿ ದಾರ ಬೇಕು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಿಳಿ, ಹಳದಿ ಎಳೆ ಹೇಗೆ ಹೊಳೆಯುತ್ತದೆ!

ದಾರ ಕೊಳ್ಳಲು ಹೋಗುವಾಗ ಬಟ್ಟೆಯ ತುಂಡು ಒಯ್ಯೋಣ. ಟ್ಯೂಬ್‌ಲೈಟ್ ಕೆಳಗೆ ಬೇಡ, ಹೊರಗೆ ಬೆಳಕಿಗೆ ತಂದು ದಾರವನ್ನು ಬಟ್ಟೆಯ ಮೇಲೆ ಇಡೋಣ. ಕಣ್ಣು ಅರ್ಧ ಮುಚ್ಚಿ ನೋಡೋಣ. ದಾರ ಬಟ್ಟೆಯಲ್ಲಿ ಕರಗಿಹೋಯಿತೇ? ಆ ದಾರ ಬೇಡ. ಅಂಗಡಿಯವರು ಅವಸರ ಮಾಡಿದರೆ ಮಾಡಲಿ.

ಬರೆಯಿರಿ:
ನನ್ನ ಸೀರೆಯ ಮೈ ........ ಬಣ್ಣ.
ಅಂಚು ........ ಬಣ್ಣ.
ಚಕ್ರದಲ್ಲಿ ಇವು ಎದುರಿಗೆ ಇವೆಯೇ, ಪಕ್ಕದಲ್ಲಿ ಇವೆಯೇ? ........